ಅಕ್ಕನ ಮನೆಯ ಮಹಜರು

ಮೈಸೂರಿಗೆ ಬಂದಾಗ ನನಗೆ ಕನ್ನಡ ಬರುತ್ತಿರಲಿಲ್ಲ. ಈರೋಡಿನ ಆಚೆಯ ಹಳ್ಳಿಯಲ್ಲಿ ಹೈಸ್ಕೂಲು ಮುಗಿಸಿದ್ದೆ, ಲೆಕ್ಕ ಚೆನ್ನಾಗಿ ಬರುತ್ತಿತ್ತು, ಅಷ್ಟೆ. ಸಂತೆಪೇಟೆಯಲ್ಲಿ ಅರಿಶಿನದ ಮಂಡಿ ಇಟ್ಟಿದ್ದ ನಮ್ಮ ಕಡೆಯ ಸಾಹುಕಾರರೊಬ್ಬರು ಲೆಕ್ಕ ಬರೆಯಲು ಇಟ್ಟುಕೊಂಡರು. ಮೂಟೆಗಳ ನಡುವೆಯೇ ಮಲಗುತ್ತಿದ್ದೆ. ಬೆವರಿದರೆ ಅಂಗಿಯ ಬೆನ್ನು ಹಳದಿಯಾಗುತ್ತಿತ್ತು.

ಮಂಡಿಯ ಹಿಂದಿನ ಓಣಿಯಲ್ಲಿ ಇಡ್ಲಿ ಮಾರುವ ಹೆಂಗಸೊಬ್ಬರಿದ್ದರು. ಅವರೂ ತಮಿಳಿನವರೇ, ಗಂಡ ಗಾರೆ ಕೆಲಸದವನು. ನನಗೆ ಕಾಮಾಲೆಯಾದಾಗ ಸಾಹುಕಾರರು ಊರಿಗೆ ಹೋಗಿಬಿಡು ಎಂದರು. ಆಕೆ ಮಾತ್ರ ತಮ್ಮ ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿ, ಗಂಜಿ ಮಜ್ಜಿಗೆ ಕೊಟ್ಟು ನನ್ನನ್ನು ಉಳಿಸಿಕೊಂಡರು. ನನ್ನನ್ನು ‘ತಂಬಿ’ ಎನ್ನುತ್ತಿದ್ದರು. ನನಗೆ ಅವರು ಅಕ್ಕ.

ಆಮೇಲೆ ಅವರು ಊರಿನಾಚೆ, ಕೆರೆಯ ಏರಿಯ ಕೆಳಗೆ ಗುಡಿಸಲು ಹಾಕಿಕೊಂಡರು. ಅಲ್ಲಿಯೇ ಮಗಳು ಹುಟ್ಟಿದಳು. ಹೆಸರಿಡುವ ದಿನ ನಾನು ಹೋಗಿ ಪಾಯಸ ಉಂಡು ಬಂದಿದ್ದೆ.

ನಾನು ಚಾಮರಾಜಪುರಂನ ಒಂದು ವಠಾರಕ್ಕೆ ಬಂದು, ಪಕ್ಕದ ಮನೆಯ ಮೇಷ್ಟರ ಹತ್ತಿರ ಕನ್ನಡ ಕಲಿತು, ಪರೀಕ್ಷೆ ಪಾಸು ಮಾಡಿದೆ. ನಗರದಂಚಿನ ಪಂಚಾಯಿತಿಯೊಂದರಲ್ಲಿ ಬಿಲ್ ಕಲೆಕ್ಟರ್ ಕೆಲಸ ಸಿಕ್ಕಿತು. ಕನ್ನಡದ ಮನೆಯಲ್ಲೇ ಹೆಣ್ಣು ಕೊಟ್ಟರು. ಮುಂದೆ ಬಡ್ತಿ ಸಿಕ್ಕಿ ಕಾರ್ಯದರ್ಶಿಯಾದೆ, ಸರ್ಕಾರದ ನೌಕರನಾದೆ. ತಮಿಳು ಆಡುವುದನ್ನೇ ಬಿಟ್ಟೆ. ಅಕ್ಕನ ಮನೆಗೆ ಹೋಗುವುದನ್ನೂ ಬಿಟ್ಟೆ.

ಆದರೂ ಪಂಚಾಯಿತಿಯ ಮೆಂಬರೊಬ್ಬರು ಕೆಣಕುತ್ತಿದ್ದರು. “ನಮ್ ಸೆಕ್ರೆಟ್ರಿ ಸಾಹೇಬ್ರು ನಿದ್ದೇಲಿ ಯಾವ್ ಭಾಷೇಲಿ ಕನವರಿಸ್ತಾರೋ, ಅವರ ಮನೆಯೋರ್ನೇ ಕೇಳ್ಬೇಕು ಕಣ್ರೀ” ಎಂದು ಸಭೆಯಲ್ಲಿ ಹೇಳಿದರೆ ಎಲ್ಲರೂ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮನೆಗೆ ಬಂದರೆ ಊಟ ಸೇರುತ್ತಿರಲಿಲ್ಲ.

ಕೆರೆಯ ಸುತ್ತ ಬಡಾವಣೆಗಳು ಎದ್ದಾಗ, ಬಹಳ ಹಿಂದಿನಿಂದ ಅಲ್ಲಿದ್ದವರಿಗೆ ಮನೆಯ ಹಕ್ಕುಪತ್ರ ಕೊಡಬೇಕು, ಈಚೆಗೆ ಬಂದವರನ್ನು ಎಬ್ಬಿಸಬೇಕು ಎಂದು ಆದೇಶ ಬಂತು. ಯಾರು ಯಾವಾಗ ಬಂದವರೆಂದು ಸ್ಥಳದಲ್ಲೇ ಕೇಳಿ, ಊರಿನವರ ಎದುರು ಬರೆದು, ಸಹಿ ಹಾಕಿಸುವ ಮಹಜರು ನನ್ನ ಕೆಲಸ. ಆ ಮೆಂಬರಿಗೆ ಗುಡಿಸಲುಗಳ ಜಾಗದಲ್ಲಿ ಬಡಾವಣೆಗೆ ರಸ್ತೆ ಬೇಕಿತ್ತು. ಅಂದು ಅವರು ನನ್ನ ಪಕ್ಕದಲ್ಲೇ ನಿಂತಿದ್ದರು.

ಅಕ್ಕ ಹೊರಗೆ ಬಂದರು. ಗಂಡ ತೀರಿಕೊಂಡಿದ್ದ. ನನ್ನನ್ನು ನೋಡಿ ಅವರ ಮುಖ ಅರಳಿತು. ತಮಿಳಿನಲ್ಲಿ ಹೇಳಿದರು: ಮಗಳು ಹುಟ್ಟುವ ಮೊದಲೇ ಇಲ್ಲಿಗೆ ಬಂದೆವು ತಂಬಿ, ಹೆಸರಿಡುವ ದಿನ ನೀನೇ ಬಂದು ಪಾಯಸ ಉಂಡು ಹೋಗಿದ್ದೆಯಲ್ಲ.

ಮೆಂಬರು ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಅವರ ಕಡೆ ತಿರುಗಿ, “ಏನಂತೆ ಈಯಮ್ಮ ಹೇಳೋದು?” ಎಂದೆ.

ಅವರು ಮೀಸೆಯ ಮರೆಯಲ್ಲಿ ನಕ್ಕರು. “ಮಗಳ ಮದ್ವೆ ಮಾಡ್ಬುಟ್ಟು ಈಚೆಗೆ ಬಂದ್ರಂತೆ ಸಾಹೇಬ್ರೇ. ಬರ್ಕೊಳ್ಳಿ.”

ಹಾಗೆಯೇ ಬರೆದೆ. ಕೆಳಗೆ ಸಹಿ ಹಾಕಿದೆ. ಅಕ್ಕ ಬರೆಯುವ ನನ್ನ ಕೈಯನ್ನು ನೋಡುತ್ತಿದ್ದರು. ಜೆಸಿಬಿ ಬಂದ ದಿನ ನಾನು ರಜೆ ಹಾಕಿದ್ದೆ.

ಆಮೇಲೆ ಸಭೆಯಲ್ಲಿ ಯಾರೂ ನನ್ನನ್ನು ಕೆಣಕಲಿಲ್ಲ. ಊರಿನವನೇ ಆದೆ. ನಿವೃತ್ತಿಯಾಗಿ ರಾಮಕೃಷ್ಣನಗರದಲ್ಲಿ ಮನೆ ಕಟ್ಟಿಸಿದೆ. ಬೇರೆಯವರಿಗೆ ಹಕ್ಕುಪತ್ರ ಕೊಡಿಸಿದ್ದಕ್ಕೆ ಹಾಕಿದ ಶಾಲುಗಳು ಬೀರುವಿನಲ್ಲಿವೆ. ಅವುಗಳನ್ನು ಹೊದೆಯಲು ಮನಸ್ಸಾಗಿಲ್ಲ.

ಕಳೆದ ಚಳಿಗಾಲದಲ್ಲಿ ವಾಕಿಂಗ್ ಹೋದವನು ಬೋಗಾದಿಯ ಒಂದು ಅಡ್ಡರಸ್ತೆಯಲ್ಲಿ ಅಕ್ಕನನ್ನು ಕಂಡೆ. ವಿದ್ಯಾರ್ಥಿಗಳಿಗೆ ಊಟ ಹಾಕುವ ಸಣ್ಣ ಮೆಸ್ಸಿನ ಬಾಗಿಲಲ್ಲಿ ಕುಳಿತು ಸೊಪ್ಪು ಬಿಡಿಸುತ್ತಿದ್ದರು. ಒಳಗೆ ಮಗಳು ಚಪಾತಿ ಲಟ್ಟಿಸುತ್ತಿದ್ದಳು. ಅಂದು ಮುಂದೆ ನಡೆದುಬಿಟ್ಟೆ. ಮತ್ತೆ ಹಲವು ದಿನ ಆ ದಾರಿ ಹಿಡಿಯಲಿಲ್ಲ. ಕೊನೆಗೊಂದು ಬೆಳಿಗ್ಗೆ ಹೋಗಿ ಅವರೆದುರು ನಿಂತೆ.

“ಅಕ್ಕಾ” ಎಂದು ತಮಿಳಿನಲ್ಲಿ ಶುರು ಮಾಡಿದೆ. ಅಂದು ನೀವು ಹೇಳಿದ್ದೆಲ್ಲ ನನಗೆ ಅರ್ಥವಾಗಿತ್ತು ಎನ್ನಬೇಕಿತ್ತು. ಮಾತುಗಳು ಸಿಗಲಿಲ್ಲ. ಸಿಕ್ಕಿದವೂ ಕನ್ನಡದ ಜೊತೆ ಕಲಸಿಕೊಂಡು ಬಂದವು. ಅವರು ಸೊಪ್ಪಿನಿಂದ ಕೈ ತೆಗೆಯಲಿಲ್ಲ.

“ಕನ್ನಡದಲ್ಲೇ ಹೇಳಿ ಸಾರ್. ನಂಗೆ ಈಗ ಬತ್ತದೆ” ಎಂದರು. “ಅವತ್ತಿಂದ ಕಲ್ತ್ಕೊಂಡೆ. ನಮ್ ಮಾತ ಇನ್ನೊಬ್ರ ಬಾಯಲ್ಲಿ ಹೇಳಿಸ್ಬಾರ್ದು ಅಂತ.”

ಹೇಳಿದೆ. ಎಲ್ಲವನ್ನೂ ಹೇಳಿದೆ. ಒಳಗೆ ಲಟ್ಟಣಿಗೆಯ ಸದ್ದು ನಿಂತಿತು.

“ಅರ್ತ ಆಗಿತ್ತು ಅಂತ ನಂಗೂ ಗೊತ್ತಿತ್ತು” ಎಂದರು ಅಕ್ಕ. “ನಾನು ಪಾಯಸದ ಮಾತು ಎತ್ತಿದಾಗ ನೀವು ತಲೆ ಬಗ್ಗಿಸ್ಬುಟ್ರಿ. ಅರ್ತ ಆಗ್ದೋರು ತಲೆ ಬಗ್ಗಿಸ್ತಾರಾ?”

ಕ್ಷಮಿಸಿ ಎಂದೆ. ತಂಬಿ ಎಂದು ಕರೆದಾರೇನೋ ಎಂದು ನಿಂತೇ ಇದ್ದೆ. ಅವರು ಸೊಪ್ಪಿನ ಬುಟ್ಟಿ ಎತ್ತಿಕೊಂಡು, ಬಾಗಿಲ ಚೌಕಟ್ಟು ಹಿಡಿದು ಮೇಲೆದ್ದರು.

“ಒಸಿ ಜರುಗಿ ಸಾರ್. ಹುಡುಗ್ರು ತಿಂಡಿಗೆ ಬರೋ ಹೊತ್ತು, ಬಾಗ್ಲಿಗೆ ಅಡ್ಡ ನಿಂತಿದ್ದೀರಿ.”

ಜರುಗಿ ನಿಂತೆ.