ಎಡಗೈ ಎತ್ತಿದವರು

ಶ್ವಾಂಗ್ತಾನ್ ಪಟ್ಟಣದ ಶಾಲೆಯಲ್ಲಿ ಇಂಗ್ಲಿಷಿನ ‘ಆನೆಸ್ಟ್’ ಎಂಬ ಗುಣವಾಚಕವನ್ನು ಛೂ ಯೂಲಾನ್ ಟೀಚರಷ್ಟು ಸಲ ಕಲಿಸಿದವರು ಇನ್ನೊಬ್ಬರಿಲ್ಲ. ಸುಳ್ಳಾಡದವನು ಆನೆಸ್ಟ್, ಮೋಸವಿಲ್ಲದ ದುಡಿಮೆ ಆನೆಸ್ಟ್, ಮುಲಾಜಿಲ್ಲದ ಅಭಿಪ್ರಾಯ ಆನೆಸ್ಟ್. ಇಷ್ಟು ಬಿಡಿಸಿ ಹೇಳಿದರೂ ಮಕ್ಕಳು ಪರೀಕ್ಷೆಯಲ್ಲಿ ‘ನಮ್ಮ ಎಮ್ಮೆ ಬಹಳ ಆನೆಸ್ಟ್, ಹೊಡೆದರೂ ಅಲ್ಲಾಡುವುದಿಲ್ಲ’ ಎಂದು ಬರೆಯುತ್ತಿದ್ದರು. ಅವರದೇನು ತಪ್ಪು? ಚೀನೀ ಮಾತಿನಲ್ಲಿ ಸತ್ಯವಂತನಿಗೂ ಬಾಯಿಸತ್ತವನಿಗೂ ಒಂದೇ ಪದ ಸಾಕು. ಟೀಚರು ಕೆಂಪು ಶಾಯಿಯಲ್ಲಿ ಎಮ್ಮೆಯನ್ನು ಹೊಡೆದುಹಾಕುತ್ತಿದ್ದರು.

ಊರು ಮಾತ್ರ ಟೀಚರನ್ನೂ ಆ ಎಮ್ಮೆಯ ಸಾಲಿಗೇ ಸೇರಿಸಿತ್ತು. ಹಿರಿಯ ಶಿಕ್ಷಕಿಯ ಪದವಿಗೆ ಹೆಸರು ಕಳಿಸುವ ಕಾಲ ಬಂದಾಗಲೆಲ್ಲ ಪ್ರಿನ್ಸಿಪಾಲ್ ಯಾನ್ ಬೇರೆ ಯಾರದೋ ಹೆಸರು ಕಳಿಸಿ, "ಛೂ ಮೇಡಂ ಪಾಪ, ಸಾಧು. ಏನೂ ಅನ್ಕೊಳ್ಳಲ್ಲ," ಎನ್ನುತ್ತಿದ್ದರು. ಟೀಚರು ಏನೂ ಅಂದುಕೊಳ್ಳದವರಂತೆ ನಕ್ಕು, ಮನೆಗೆ ಹೋಗಿ ಮೆಣಸಿನಕಾಯಿ ಹುರಿಯುವ ನೆಪದಲ್ಲಿ ಕಣ್ಣೀರು ಹಾಕುತ್ತಿದ್ದರು.

ಈಗ ನಿವೃತ್ತಿ ಹತ್ತಿರ ಬಂದಿತ್ತು. ತಾಲ್ಲೂಕಿನ ಮಾದರಿ ಪಾಠದ ಸ್ಪರ್ಧೆಯಲ್ಲಿ ಮೊದಲ ಬಹುಮಾನ ಬಂದರೆ ಯಾರ ಶಿಫಾರಸೂ ಇಲ್ಲದೆ ಪದವಿ ಕೈಸೇರುತ್ತದೆ. ಬರದಿದ್ದರೆ ಈ ಜನ್ಮಕ್ಕಿಲ್ಲ.

"ಯಾವ ಪಾಠ ಮಾಡ್ತೀರಿ ಮೇಡಂ?" ಎಂದರು ಪ್ರಿನ್ಸಿಪಾಲರು.

"ಆನೆಸ್ಟ್, ಸಾರ್."

"ಭೇಷ್! ಹಾಗಾದ್ರೆ ಇವತ್ತಿಂದ್ಲೇ ತಾಲೀಮು ಶುರು ಮಾಡ್ಸಿ. ಪ್ರಶ್ನೆ ಕೇಳಿದ ತಕ್ಷಣ ಇಡೀ ಕ್ಲಾಸು ಕೈ ಎತ್ಬೇಕು. ಉತ್ತರ ಗೊತ್ತಿದ್ದೋರು ಬಲಗೈ, ಗೊತ್ತಿಲ್ದೋರು ಎಡಗೈ. ನೀವು ಬಲಗೈಯೋರನ್ನ ಮಾತ್ರ ಎಬ್ಸಿ."

"ಇದು ಸರೀನಾ ಸಾರ್? ಅದೂ ಈ ಪದಕ್ಕೆ?"

"ಎಲ್ರೂ ಮಾಡೋದೇ ಅಲ್ವಾ! ಚಿಕ್ಕೋರಾಗಿ ಸ್ಕೂಲಿಗೆ ಹೋಗೋವಾಗ ನೀವು ಎಡಗೈ ಎತ್ತಿಲ್ವಾ?"

ಎತ್ತಿದ್ದರು.

ಗೋಡೆಗಳಿಗೂ ಬಾಯಿಪಾಠವಾಗುವಷ್ಟು ತಾಲೀಮು ನಡೆಯಿತು. ಎಲ್ಲರೂ ಸರಿ ಹೇಳಿದರೆ ಅನುಮಾನ ಬಂದೀತೆಂದು ಒಬ್ಬ ಹುಡುಗಿಗೆ ಎಮ್ಮೆಯ ವಾಕ್ಯ ಕೊಟ್ಟರು. ಅವಳು ಜಾಣೆ, ಪ್ರತಿ ಸಲ ಬಾಯಿತಪ್ಪಿ ಸರಿಯಾದ ಉತ್ತರವನ್ನೇ ಹೇಳಿಬಿಡುತ್ತಿದ್ದಳು. ಅವಳನ್ನು ತಿದ್ದಿ ತೀಡಿ ತಪ್ಪು ಹೇಳುವುದನ್ನು ಕಲಿಸುವಷ್ಟರಲ್ಲಿ ಟೀಚರಿಗೆ ತಮ್ಮ ಮೇಲೇ ಹೇಸಿಗೆ ಬಂತು.

ಸ್ಪರ್ಧೆಯ ದಿನ ಪಾಠ ನೀರು ಹರಿದಂತೆ ಹರಿಯಿತು. ಕೈಗಳು ಎದ್ದವು, ಎಮ್ಮೆ ಬಂದು ಹೋಯಿತು, ತೀರ್ಪುಗಾರರು ತಲೆದೂಗಿದರು. ಎಲ್ಲ ಶಾಲೆಗಳ ಪಾಠವೂ ಮುಗಿದ ಮೇಲೆ ಮುಖ್ಯ ತೀರ್ಪುಗಾರ ಗೊಂಗ್ ಫ್ಲಾಸ್ಕಿನಿಂದ ಒಂದು ಗುಟುಕು ಚಹಾ ಕುಡಿದು ಎದ್ದು ನಿಂತರು.

"ಒಂದು ವಿಷಯ ಕೇಳ್ಬೇಕು. ತಾಲೀಮು ಮಾಡ್ಸದೆ ಪಾಠ ಮಾಡಿದ ಟೀಚರುಗಳು ಕೈ ಎತ್ತಿ."

ಸ್ಪರ್ಧೆಗೆ ಬಂದವರೆಲ್ಲ ಪಟ್ಟನೆ ಕೈ ಎತ್ತಿದರು. ಅಷ್ಟೂ ಎಡಗೈಗಳೇ! ಚಿಕ್ಕಂದಿನ ಅಭ್ಯಾಸ, ಬಾಯಿ ಕಲಿತ ಸುಳ್ಳನ್ನು ಕೈ ಇನ್ನೂ ಕಲಿತಿರಲಿಲ್ಲ. ಗೊಂಗ್ ಅವರೂ ಒಂದು ಕಾಲದಲ್ಲಿ ಮೇಷ್ಟ್ರಾಗಿದ್ದವರೇ. ಗುಟ್ಟು ತಿಳಿದು ಮುಖವನ್ನು ಫ್ಲಾಸ್ಕಿನ ಮರೆಗೆ ಒಯ್ದರು.

ಛೂ ಟೀಚರ ಎರಡೂ ಕೈಗಳು ಮಡಿಲಲ್ಲೇ ಇದ್ದವು. ಹಿಂದಿನ ಸಾಲಿನಿಂದ ಪ್ರಿನ್ಸಿಪಾಲರು ಕೆಮ್ಮಿದರು. ಮತ್ತೆ ಕೆಮ್ಮಿದರು. ಕೈ ಎತ್ತಿದರೆ ಪದವಿ, ಇಲ್ಲದಿದ್ದರೆ ಇಲ್ಲ. ಟೀಚರಿಗೆ ನೆನಪಾದದ್ದು ಸರಿ ಹೇಳಿ ಬೈಸಿಕೊಂಡ ಆ ಹುಡುಗಿಯ ಪೆಚ್ಚು ಮುಖ.

"ಛೂ ಟೀಚರ್, ನೀವೊಬ್ರೇ ಎತ್ತಿಲ್ಲ?"

"ತಾಲೀಮು ಮಾಡ್ಸಿದೀನಿ ಸಾರ್. ಆ ಹುಡುಗಿ ಹೇಳಿದ ತಪ್ಪಿಗೂ ಮಾಡ್ಸಿದೀನಿ."

ಮೊದಲ ಬಹುಮಾನ ಒಂದು ಎಡಗೈಗೆ ಹೋಯಿತು. ಛೂ ಟೀಚರ ಬಗ್ಗೆ ತೀರ್ಪುಗಾರರು, ‘ಪಾಠ ಚೆನ್ನಾಗಿತ್ತು, ಸಹಜತೆ ಸಾಲದು’ ಎಂದರು.

ವಾಪಸು ಬರುವಾಗ ಬಸ್ಸಿನಲ್ಲಿ ಪ್ರಿನ್ಸಿಪಾಲರು ಪಕ್ಕದಲ್ಲೇ ಕುಳಿತರು. "ಹೋಗ್ಲಿ ಬಿಡಿ ಮೇಡಂ. ನೀವು ಸಾಧು, ಏನೂ ಅನ್ಕೊಳ್ಳಲ್ಲ ಅಂತ ಗೊತ್ತು."

"ಅನ್ಕೊಂಡಿದೀನಿ ಸಾರ್," ಎಂದರು ಟೀಚರು, ಇಡೀ ಬಸ್ಸಿಗೆ ಕೇಳುವಂತೆ. "ನೀವು ಬೇರೆಯೋರ ಹೆಸರು ಕಳ್ಸಿದಾಗ್ಲೆಲ್ಲ ಮನೆಗೆ ಹೋಗಿ ಅತ್ತಿದೀನಿ. ಏಳ್ಬೇಡಿ, ಕೂತ್ಕೊಳ್ಳಿ. ಊರು ಇನ್ನೂ ದೂರ ಇದೆ, ಒಂದೊಂದಾಗಿ ಹೇಳ್ತೀನಿ."