ನಮ್ಮ ಸ್ವಾತಂತ್ರ್ಯ ದಿನ ಯಾವತ್ತು

ನಾನು ಅಮೆರಿಕದ ಕ್ಯಾಂಟನ್‌ಗೆ, ಮಗಳ ಮನೆಗೆ ಬಂದ ವಾರವೇ ಮನೆಯ ಹಿಂದೆ ಗುಂಡಿನ ಸದ್ದು. ರಾತ್ರಿ ಒಂಬತ್ತಾದರೂ ಬಿಸಿಲಿತ್ತು. ನಾನು ಮಂಚದ ಮರೆಯಲ್ಲಿ ಕುಕ್ಕರುಗಾಲಲ್ಲಿ ಕೂತೆ.

"ಪಟಾಕಿ ಕಣಮ್ಮ. ಇವತ್ತು ಇವರ ಸ್ವಾತಂತ್ರ್ಯ ದಿನ," ಎಂದಳು ಮಗಳು ಸುಧಾ.

ನಮ್ಮಲ್ಲಿಯಾದರೆ ಬೆಳಿಗ್ಗೆ ಬಾವುಟ, ಮೇಷ್ಟರ ಭಾಷಣ, ಕೈಗೊಂದು ಪೆಪ್ಪರಮೆಂಟು. ಇಲ್ಲಿ ಹುಲ್ಲಿನ ಮೇಲೆ ಕುರ್ಚಿ ಹಾಕಿಕೊಂಡು ಕೆಂಡದಲ್ಲಿ ಮಾಂಸ ಸುಡುತ್ತಿದ್ದರು. ಭಾಷಣವಿರಲಿಲ್ಲ. ಅದೊಂದು ಒಳ್ಳೆಯದು.

ಅದಾಗಿ ಇಪ್ಪತ್ತೊಂದು ವರ್ಷ. ಇಂಗ್ಲಿಷ್ ಬರಲಿಲ್ಲ. ನಾಲ್ಕನೇ ಕ್ಲಾಸು ಓದಿದವಳು ನಾನು. ಚಳಿಗಾಲದಲ್ಲಿ ಕಿಟಕಿ ನೋಡುತ್ತಾ ಕೂರುವುದು ಬಂತು, ಅಷ್ಟೇ.

ಹೋದ ವರ್ಷ ಅರಸೀಕೆರೆಯಲ್ಲಿ ಅಕ್ಕ ಬಿದ್ದು ಸೊಂಟ ಮುರಿದುಕೊಂಡಳು. ಅವಳಿಗೆ ಇರುವವಳು ನಾನೊಬ್ಬಳೇ. ಹೋದರೆ ಎಷ್ಟು ಕಾಲ ಇರಬೇಕೋ ಗೊತ್ತಿಲ್ಲ. ನನ್ನಂಥ ಗ್ರೀನ್ ಕಾರ್ಡಿನವರು ವರ್ಷಗಟ್ಟಲೆ ಊರಲ್ಲಿ ಕೂತರೆ ಕಾರ್ಡು ಹೋಗುತ್ತದೆ, ಆಮೇಲೆ ಮಗಳ ಮನೆಗೆ ಬರುವಂತಿಲ್ಲ. ಇಲ್ಲಿಯ ಪ್ರಜೆಯಾದರೆ ಆ ಭಯವಿಲ್ಲ. ಊರಿಗೆ ಹೋಗಿ ಇರಲೆಂದೇ ಅಮೆರಿಕದವಳಾಗಲು ಹೊರಟೆ.

ಅದಕ್ಕೊಂದು ಪರೀಕ್ಷೆ; ಈ ದೇಶ ಹುಟ್ಟಿದ ಕಥೆ ಕಲಿಯಬೇಕು. ಸುಧಾ ಹೇಳಿಕೊಟ್ಟಳು. ಸಮುದ್ರದಾಚೆ ಇಂಗ್ಲೆಂಡಿನಲ್ಲಿ ಒಬ್ಬ ರಾಜ. ಇವರನ್ನು ಒಂದು ಮಾತೂ ಕೇಳದೆ ತೆರಿಗೆ ಹಾಕಿದ. ಇವರು ಸಿಟ್ಟಿಗೆದ್ದು ಟೀ ಪೆಟ್ಟಿಗೆಗಳನ್ನು ನೀರಿಗೆ ಎಸೆದರು.

"ಟೀ ಏನು ಮಾಡಿತ್ತೇ?"

"ಅಮ್ಮ, ಅದು ಪ್ರೊಟೆಸ್ಟು. ಸುಮ್ನೆ ಬಾಯಿಪಾಠ ಮಾಡು."

ಹದಿಮೂರು ರಾಜ್ಯ ಸೇರಿ ಯುದ್ಧ ಮಾಡಿ ಬಿಡಿಸಿಕೊಂಡವು. ಆಮೇಲೆ ಆ ರಾಜನ ಕಡೆಯವರು ನಮ್ಮ ಮೇಲೆ ಗಟ್ಟಿಯಾಗಿ ಕೂತರು. ಅದು ಇವರ ಪುಸ್ತಕದಲ್ಲಿಲ್ಲ.

ನನ್ನಂಥ ಮುದುಕರು ತಮ್ಮ ಭಾಷೆಯಲ್ಲೇ ಉತ್ತರ ಹೇಳಬಹುದು. ಹತ್ತರಲ್ಲಿ ಆರು ಸರಿಯಾಗಬೇಕು. ಡೆಟ್ರಾಯಿಟ್ ಆಫೀಸಿಗೆ ಕನ್ನಡ ಮಾಡಿ ಹೇಳಲು ಪಕ್ಕದ ಬೀದಿಯ ಗಿರಿಜಾ ಬಂದಳು, ಧಾರವಾಡದವಳು. ಒಂಬತ್ತು ಮುಗಿದಾಗ ಐದು ಸರಿಯಾಗಿತ್ತು. ಆಫೀಸರ್ ಕೊನೆಯದನ್ನು ಕೇಳಿದ. ಗಿರಿಜಾ ನನ್ನ ಕಡೆ ತಿರುಗಿದಳು.

"ಅಜ್ಜಿ, ನಮ್ಮ ಸ್ವಾತಂತ್ರ್ಯ ದಿನಾ ಯಾವತ್ತರೀ?"

"ಆಗಸ್ಟ್ ಹದಿನೈದು," ಎಂದೆ.

ಗಿರಿಜಾ ಅದನ್ನು ಇಂಗ್ಲಿಷಿನಲ್ಲಿ ಹೇಳಬೇಕಾಗಿಯೇ ಇರಲಿಲ್ಲ. 'ಆಗಸ್ಟ್' ಆಫೀಸರನಿಗೆ ಆಗಲೇ ಅರ್ಥವಾಗಿತ್ತು. ಕನ್ನಡದಲ್ಲಿ ನಮ್ಮ ಎಂದು ಕೇಳಿದರೆ ನಾನು ಇನ್ನೇನು ಹೇಳಲಿ?

ಫೇಲಾದದ್ದನ್ನು ಫೋನಿನಲ್ಲಿ ಅಕ್ಕನಿಗೆ ಹೇಳಿದೆ.

"ಸರಿಯಾಗೇ ಹೇಳಿದೀಯಲ್ಲೇ ಪುಟ್ಟಿ! ಯಾವನವನು ತಪ್ಪು ಹಾಕಿದ್ದು?" ನಕ್ಕಳು. ಆಮೇಲೆ, "ನಗಿಸ್ಬೇಡ ಕಣೇ, ಸೊಂಟ ಹಿಡಿಯುತ್ತೆ," ಎಂದಳು.

ಎರಡು ತಿಂಗಳ ಬಳಿಕ ಮತ್ತೆ ಕರೆದರು. ಅದೇ ಪ್ರಶ್ನೆ ಬಂತು. ಜುಲೈ ನಾಲ್ಕು ಎಂದೆ. ಪಾಸಾದೆ. ಆಮೇಲೊಂದು ದಿನ ಕೈಯೆತ್ತಿಸಿ, ಬೇರೆ ಯಾವ ರಾಜನಿಗೂ ದೇಶಕ್ಕೂ ನಿಷ್ಠೆ ಇಲ್ಲವೆಂದು ಪ್ರಮಾಣ ಮಾಡಿಸಿದರು. ಪುಟ್ಟ ಬಾವುಟ ಕೊಟ್ಟರು. ಪೆಪ್ಪರಮೆಂಟು ಇರಲಿಲ್ಲ. ನನಗೆ ಏನೂ ಅನ್ನಿಸಲಿಲ್ಲ.

ಈಗ ಅರಸೀಕೆರೆಗೆ ಹೋಗಲು ನನಗೆ ವೀಸಾ ಬೇಕು. ಊರಲ್ಲಿ ಹೆಚ್ಚು ದಿನ ಇರಲು ಇಂಡಿಯಾದವರು ಕೊಡುವ ಕಾರ್ಡು ಬರುವುದು ತಡವಂತೆ. ನಿನ್ನೆ ಸುಧಾ ಫಾರಂ ತುಂಬುತ್ತಿದ್ದಳು.

"ಅಮ್ಮ, ಯಾಕೆ ಹೋಗ್ತಿದೀರ ಅಂತ ಕೇಳಿದಾರೆ."

"ಅಕ್ಕನಿಗೆ ಗಂಜಿ ಕುಡಿಸೋಕೆ ಅಂತ ಬರಿ."

"ಅದಕ್ಕೆ ಇಲ್ಲಿ ಜಾಗ ಇಲ್ಲಮ್ಮ. ಟೂರಿಸ್ಟ್ ಅಂತ ಹಾಕ್ಲಾ?"

ಹಾಕು ಎಂದೆ.