ಬಿಸಿಯೂಟದ ದುಗ್ಗಮ್ಮನ ಮಳೆ ಪುಸ್ತಕ

ಅಕ್ಕಿ ಎರಡು ನೀರು ತೊಳೆದಾಗಿದೆ, ಮೂರನೆಯದು ಬಾಕಿ. ಅಷ್ಟರಲ್ಲಿ ಗೋಡೆಯ ಗಡಿಯಾರ ಎಂಟೂವರೆ ತೋರಿಸುತ್ತದೆ. ದುಗ್ಗಮ್ಮ ಪಾತ್ರೆಯನ್ನು ಹಾಗೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಕೊಡೆ ಬಿಡಿಸಿ ಶಾಲೆಯ ಹಿಂದಿನ ಅಂಗಳಕ್ಕೆ ನಡೆಯುತ್ತಾರೆ. ಅಲ್ಲಿ ಬೇಲಿಯೊಳಗೆ ಮಳೆಮಾಪಕ ನಿಂತಿದೆ. ಆಲಿಕೆ ತೆಗೆದು, ಒಳಗಿನ ಬಾಟಲಿಯ ನೀರನ್ನು ಗೆರೆ ಕೊರೆದ ಗಾಜಿನ ಅಳತೆಗೆ ಸುರಿದು, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿಯುತ್ತಾರೆ. ಕೈ ಅಲುಗುವುದಿಲ್ಲ.

“ಊಟ ಐದು ನಿಮಿಷ ತಡ ಆದರೆ ಮಕ್ಕಳು ಕಾಯ್ತಾರೆ. ಎಂಟೂವರೆ ಕಾಯುದಿಲ್ಲ,” ಎನ್ನುತ್ತಾರೆ, ಅವರ ಬಗ್ಗೆ ಬರೆಯಲು ಬಂದಿರುವ ನನಗೆ.

ಸುಬ್ರಹ್ಮಣ್ಯದ ಬಸ್ಸುಗಳು ನಿಲ್ಲದೆ ಹಾದುಹೋಗುವ ಊರಿನ ಈ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ಅರವತ್ತೆರಡು. ಐವತ್ತೆಂಟರ ದುಗ್ಗಮ್ಮ ಇಪ್ಪತ್ತೊಂದು ವರ್ಷದಿಂದ ಇಲ್ಲಿ ಬಿಸಿಯೂಟ ಬೇಯಿಸುತ್ತಾರೆ, ಹದಿನೆಂಟು ವರ್ಷದಿಂದ ಮಳೆ ಅಳೆಯುತ್ತಾರೆ. ಮಾಪಕ ಬಂದಾಗ ಅದನ್ನು ನೋಡಿಕೊಳ್ಳಬೇಕಾಗಿದ್ದವರು ಮೇಷ್ಟ್ರು. ಭಾನುವಾರ ಅವರು ಬರುವಂತಿರಲಿಲ್ಲ, ದುಗ್ಗಮ್ಮನ ಮನೆ ಕೂಗಿದರೆ ಕೇಳುವಷ್ಟು ಹತ್ತಿರ. ಭಾನುವಾರದ ಕೆಲಸ ಹೀಗೆ ಏಳೂ ದಿನದ್ದಾಯಿತು. ಮಳೆಗೆಂದು ಜಿಲ್ಲಾಧಿಕಾರಿಗಳು ರಜೆ ಕೊಟ್ಟ ದಿನ ಮಕ್ಕಳೂ ಇಲ್ಲ, ಅಡುಗೆಯೂ ಇಲ್ಲ. ದುಗ್ಗಮ್ಮ ಇರುತ್ತಾರೆ. ಒಂದು ವರ್ಷ ಪಾಚಿಯಲ್ಲಿ ಜಾರಿ ಎಡಗೈ ಮುರಿದಾಗ, ಬಾಟಲಿಯನ್ನು ಮೊಣಕಾಲುಗಳ ನಡುವೆ ಹಿಡಿದು ಬಲಗೈಯಲ್ಲಿ ಅಳೆದವರು.

ಅವರ ಅಂಕಿಗಳು ಅನಘಾ ಟೀಚರ ಕರಿಹಲಗೆಗೆ ಏರುತ್ತವೆ. ಹಲಗೆಯ ಒಂದು ತುದಿಯಲ್ಲಿ ವರ್ಷಕ್ಕೆ ಹನ್ನೊಂದು ಸಾವಿರದ ಎಂಟುನೂರು ಮಿಲಿಮೀಟರಿನ ಆಸುಪಾಸು ಮಳೆ ಬೀಳುವ ಮೇಘಾಲಯದ ಮೌಸಿನ್‌ರಾಮ್. ಇನ್ನೊಂದು ತುದಿಯಲ್ಲಿ ವರ್ಷದ ಸರಾಸರಿಯೇ ಮೂವತ್ತನಾಲ್ಕು ಡಿಗ್ರಿ ದಾಟಿದ್ದ ಇಥಿಯೋಪಿಯಾದ ದಲ್ಲೋಲ್. ನಡುವೆ ‘ನಮ್ಮ ಶಾಲೆ’. ಒಳ್ಳೆಯ ವರ್ಷ ಇಲ್ಲಿ ಐದು ಸಾವಿರ ದಾಟುತ್ತದೆ.

“ಮೌಸಿನ್‌ರಾಮಿನವರು ಬಟ್ಟೆ ಒಣಗಿಸುದು ಎಲ್ಲಿ ಅಂತ ನನಗೆ ಯೋಚನೆ. ಆಟಿ ತಿಂಗಳ ಜಡಿಮಳೆಗೆ ನಾವೇ ಒಲೆಯ ಮೇಲೆ ಹಗ್ಗ ಕಟ್ಟುದು. ದಲ್ಲೋಲಿನಲ್ಲಿ ಈಗ ಜನವೇ ಇಲ್ಲವಂತೆ. ಅಂಥ ಸೆಕೆಗೆ ಯಾರು ನಿಲ್ತಾರೆ ಮಾರಾಯ್ರೆ!” ಎನ್ನುತ್ತಾರೆ ದುಗ್ಗಮ್ಮ.

ಶಾಲೆಯ ಗೇಟಿನ ಪಕ್ಕ ಆಯಿಲ್ ಪೇಂಟಿನಲ್ಲಿ ಇನ್ನೊಂದು ಅಂಕಿ ಇದೆ: ಒಂದೇ ದಿನ 431 ಮಿ.ಮೀ. ಆರು ವರ್ಷದ ಹಿಂದಿನ ಆಟಿಯದು. ಪೇಪರಿನಲ್ಲಿ ಬಂದಿತ್ತು, ಮಕ್ಕಳು ಕುಣಿದಿದ್ದರು. ಅದನ್ನು ನೋಡದೆ ಒಳಗೆ ಬರುವವರು ದುಗ್ಗಮ್ಮ ಒಬ್ಬರೇ.

ಅಂದು ರಜೆ. ರಾತ್ರಿಯ ಗಾಳಿಗೆ ಬೇಲಿಯಾಚೆಯ ಅಡಿಕೆ ಮರದಿಂದ ಸೋಗೆಯ ಬುಡದ ಅಗಲ ಹಾಳೆಯೊಂದು ಬಿದ್ದು ಬೇಲಿಗೂ ಮಾಪಕಕ್ಕೂ ಅಡ್ಡ ಒರಗಿತ್ತು. ದೋಣಿಯ ಹಾಗೆ ಮಡಚಿದ ಹಾಳೆ, ತನ್ನ ಮೇಲೆ ಬಿದ್ದ ಮಳೆಯನ್ನೆಲ್ಲ ಆಲಿಕೆಗೆ ಹರಿಸುತ್ತಿತ್ತು. ದುಗ್ಗಮ್ಮ ಅದನ್ನೆತ್ತಿ ಬದಿಗಿಟ್ಟರು. ಇಪ್ಪತ್ತು ಮಿಲಿಮೀಟರು ಹಿಡಿಯುವ ಗಾಜಿನ ಅಳತೆ ಇಪ್ಪತ್ತೊಂದು ಸಲ ತುಂಬಿತು, ಮೇಲೆ ಹನ್ನೊಂದು ಮಿಲಿಮೀಟರು. ಬರೆದು ಮಳೆ ಲೆಕ್ಕದ ಕಚೇರಿಗೆ ಕಳಿಸಿದರು.

“ಎಷ್ಟು ಆಕಾಶದ್ದು, ಎಷ್ಟು ಹಾಳೆಯದ್ದು? ನನಗೂ ಗೊತ್ತಿಲ್ಲ. ಹಾಳೆ ಇತ್ತು ಅಂತ ಬರೀಬೇಕಿತ್ತು. ಒಂದು ವಾರದಲ್ಲಿ ಕಾಗದ ಬರೆದೆ. ಅಷ್ಟರಲ್ಲಿ ಗೇಟಿಗೆ ಪೇಂಟು ಆಗಿತ್ತು.”

ಆ ಕಾಗದ ಮಳೆ ಪುಸ್ತಕದ ಬೈಂಡಿನೊಳಗೇ ಉಳಿಯಿತು. ಈಗ ಅಂಕಿ ತರಿಸಿಕೊಳ್ಳುವ ಕಚೇರಿ ಹಳೆಯ ಲೆಕ್ಕವನ್ನೆಲ್ಲ ಕಂಪ್ಯೂಟರಿಗೆ ಏರಿಸುತ್ತಿದೆ. ತಿದ್ದುಪಡಿ ಈ ತಿಂಗಳೊಳಗೆ ತಿಳಿಸಬೇಕು, ಆಮೇಲೆ ಇಲ್ಲ. ತಿಳಿಸಿದರೆ ಹದಿನೆಂಟು ವರ್ಷದ ಪುಸ್ತಕವನ್ನೇ ಅನುಮಾನಿಸಿ ಬದಿಗಿಟ್ಟರೆ? ಮಾಪಕವನ್ನೇ ಕಿತ್ತುಕೊಂಡು ಹೋದರೆ? ದುಗ್ಗಮ್ಮನ ಭಯ ಅದು.

ಕಳೆದ ವಾರ ಅನಘಾ ಟೀಚರು ತರಗತಿಯಲ್ಲಿ ಲಿಬಿಯಾದ ಅಲ್ ಅಜೀಜಿಯಾದ ಕತೆ ಹೇಳುತ್ತಿದ್ದರು. ಐವತ್ತೆಂಟು ಡಿಗ್ರಿ, ಲೋಕದಲ್ಲೇ ಹೆಚ್ಚು ಎಂದು ತೊಂಬತ್ತು ವರ್ಷ ನಂಬಿದ್ದ ಅಂಕಿ. ಕೊನೆಗೆ ಹಳೆಯ ಪುಸ್ತಕ ತೆಗೆಸಿ ನೋಡಿದಾಗ, ಹೊಸಬನೊಬ್ಬ ಉಷ್ಣಮಾಪಕವನ್ನು ತಪ್ಪಾಗಿ ಓದಿರಬೇಕು ಎಂದು ತೀರ್ಮಾನಿಸಿ ದಾಖಲೆಯನ್ನು ರದ್ದು ಮಾಡಿದರು. ಅಡುಗೆಕೋಣೆಯಲ್ಲಿ ತೆಂಗಿನಕಾಯಿ ತುರಿಯುತ್ತಿದ್ದ ದುಗ್ಗಮ್ಮನ ಕೈ ನಿಂತಿತು.

“ಅವನಿಗೆ ಗೊತ್ತಿರ್ಲಿಲ್ಲ ಪಾಪ. ನನಗೆ ಗೊತ್ತುಂಟಲ್ಲ.”

ಟೀಚರಿಗೆ ಎಲ್ಲವನ್ನೂ ಹೇಳಿದರು. “ಗೇಟಿನದ್ದು ಅಳಿಸುವ, ದುಗ್ಗಕ್ಕ. ಮಕ್ಕಳಿಗೆ ನಾನು ಹೇಳ್ತೇನೆ,” ಎಂದರು ಟೀಚರು.

“ನೀವು ಬೇಡ. ಹಾಳೆ ಎತ್ತಿದ್ದು ನಾನು, ನಾನೇ ಹೇಳುದು.”

ಹೇಳಿದರು ಕೂಡ, ಊಟದ ಸಾಲಿನಲ್ಲಿ, ಸೌಟು ಹಿಡಿದುಕೊಂಡೇ. ಐದನೆಯ ತರಗತಿಯ ತೃಷಾ ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದ್ರೆ ಬೇರೆ ದಿನದ್ದೆಲ್ಲ ಸರಿ ಉಂಟಾ?”

“ಉಂಟು,” ಎಂದರು ದುಗ್ಗಮ್ಮ. ಯೋಚಿಸಲಿಲ್ಲ.

ಇಂದು ಹನ್ನೊಂದು ಗಂಟೆಗೆ ಪೋಸ್ಟ್‌ಮ್ಯಾನ್ ಸುಂದರ ಬಂದು ಗೇಟಿನಲ್ಲಿ ಬೈಕು ನಿಲ್ಲಿಸುತ್ತಾರೆ. ದುಗ್ಗಮ್ಮ ಪುಸ್ತಕದ ಬೈಂಡಿನಿಂದ ಕಾಗದ ತೆಗೆಯುತ್ತಾರೆ. ಮಡಿಕೆಯಲ್ಲಿ ಹಳದಿಯಾಗಿದೆ. ಹೊಸದಾಗಿ ಬರೆಯುವುದಿಲ್ಲ, ಹಳೆಯ ತಾರೀಕಿನ ಕೆಳಗೆ ಇಂದಿನ ತಾರೀಕನ್ನೂ ಹಾಕಿ ಲಕೋಟೆ ಅಂಟಿಸುತ್ತಾರೆ.

“ಎಂತ ದುಗ್ಗಕ್ಕ, ಲವ್ ಲೆಟರಾ?”

“ಹೌದು ಮಾರಾಯ. ಬರೆದು ಆರು ವರ್ಷ ಆಯ್ತು, ನೀನು ಇವತ್ತೇ ಮುಟ್ಟಿಸು.”

ಸುಂದರ ಲಕೋಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಚೀಲಕ್ಕೆ ಹಾಕುತ್ತಾರೆ. ಮಳೆ ಮತ್ತೆ ಹಿಡಿಯುತ್ತದೆ. ಮಾಪಕ ಉಳಿಯಲಿ ಎಂಬುದಷ್ಟೇ ದುಗ್ಗಮ್ಮನ ಆಸೆ. ಬೈಕು ತಿರುವು ದಾಟುವವರೆಗೆ ನೋಡಿ ನನ್ನ ಕಡೆ ತಿರುಗುತ್ತಾರೆ.

“ಇವತ್ತಿನದ್ದು ಮೂವತ್ತೆಂಟು ಪಾಯಿಂಟ್ ನಾಲ್ಕು. ಬರ್ಕೊಳ್ಳಿ ಅಕ್ಕ, ಅಷ್ಟೂ ಆಕಾಶದ್ದೇ.”